ಕೀ ತಿರುಗಿಸಿದರೂ ತಡವೇಕೆ?

ಹಳೆಯ ಕಾರಿನಲ್ಲಿ ಕೀ ತಿರುಗಿಸಿದ ಒಂದೆರಡು ಸೆಕೆಂಡಿನ ಬಳಿಕ ಸ್ಟಾರ್ಟರ್ ತಿರುಗುವುದೇಕೆ?

ಕೀ ತಿರುಗಿಸಿದಾಗ ಸಣ್ಣ ತಂತಿಯೊಂದರ ಮೂಲಕ ಸೊಲೆನಾಯ್ಡ್ ಎಂಬ ತಂತಿಸುರುಳಿಗೆ ವಿದ್ಯುತ್ ಹರಿಯುತ್ತದೆ. ಅದರೊಳಗಿನ ಕಬ್ಬಿಣದ ದಿಂಡು ಆಯಸ್ಕಾಂತದ ಎಳೆತಕ್ಕೆ ಸರಿದು, ಪಿನಿಯನ್ ಎಂಬ ಪುಟ್ಟ ಹಲ್ಲುಗಾಲಿಯನ್ನು ಎಂಜಿನ್ನಿನ ಫ್ಲೈವೀಲ್ ಹಲ್ಲಿಗೆ ಕೂಡಿಸುತ್ತದೆ. ಆಮೇಲಷ್ಟೇ ಸ್ಟಾರ್ಟರ್ ಮೋಟರಿಗೆ ಬ್ಯಾಟರಿಯ ಪೂರ್ಣ ಕರೆಂಟು. ಸವೆದ ಇಗ್ನಿಷನ್ ಸ್ವಿಚ್, ಕಿಲುಬು ಹಿಡಿದ ಟರ್ಮಿನಲ್‌ಗಳು ತುಕ್ಕು ಕಟ್ಟಿದ ನಲ್ಲಿಯಂತೆ: ಟ್ಯಾಂಕು ತುಂಬಿದ್ದರೂ ನೀರು ಸಣ್ಣಗೆ. ಬಲ ಸಾಲದೆ ದಿಂಡು ತಡವರಿಸುತ್ತದೆ. ದಿಂಡಿನ ಮೇಲೆ ಒಣಗಿದ ಗ್ರೀಸೂ ಹೀಗೇ ಕಾಡುತ್ತದೆ.

ಮೆಕ್ಯಾನಿಕ್‌ಗಳು ಮೊದಲಿಗೇ ಸ್ಟಾರ್ಟರ್ ಬಿಚ್ಚುವುದುಂಟು, ಅದು ಆತುರ. ಮೊದಲು ವೋಲ್ಟ್ ಅಳೆಯಬೇಕು. ಪೂರ್ತಿ ಚಾರ್ಜಾದ ಬ್ಯಾಟರಿ ಸುಮಾರು 12.6 ವೋಲ್ಟ್ ತೋರಬೇಕು. ಕೀ ತಿರುಗಿಸಿ ಹಿಡಿದಾಗ ಸೊಲೆನಾಯ್ಡ್‌ನ ಸಣ್ಣ ತಂತಿಯಲ್ಲಿ ಬ್ಯಾಟರಿಗಿಂತ ತೀರಾ ಕಡಿಮೆ ವೋಲ್ಟ್ ಕಂಡರೆ ದೋಷ ಸ್ವಿಚ್ಚಿನದೋ ತಂತಿಯದೋ. ವೋಲ್ಟ್ ಸರಿಯಾಗಿದ್ದೂ ತಡವಾದರೆ ಸ್ಟಾರ್ಟರನ್ನು ಬಿಚ್ಚಲೇಬೇಕು.