ಹೇಮಾವತಿಯ ನೆರೆ ಮತ್ತು ಒಂದು ಸಮೀಕರಣ

ಬಲ್ಲಾಳರಾಯನದುರ್ಗದ ಬಳಿ ಹುಟ್ಟುವ ಹೇಮಾವತಿ ಸಕಲೇಶಪುರವನ್ನು ಹಾದು, ೧೯೭೯ರಲ್ಲಿ ಪೂರ್ಣಗೊಂಡ ಗೊರೂರಿನ ಅಣೆಕಟ್ಟೆಯಲ್ಲಿ ತಂಗಿ, ಹೊಳೆನರಸೀಪುರದ ಮಗ್ಗುಲಲ್ಲಿ ಹರಿದು ಕೃಷ್ಣರಾಜಸಾಗರವನ್ನು ಸೇರುತ್ತದೆ. ಮಳೆಗಾಲದಲ್ಲಿ ಜಲಾಶಯ ತುಂಬಿ ಬಾಗಿಲುಗಳನ್ನು ತೆರೆದಾಗ ಕೆಳದಂಡೆಯ ಜನರು ಕೇಳುವ ಪ್ರಶ್ನೆ ಒಂದೇ: ಹೊಳೆ ಇಲ್ಲಿ ಏರುವುದು ಎಷ್ಟು ಹೊತ್ತಿಗೆ? ದೂರವನ್ನು ನೀರಿನ ವೇಗದಿಂದ ಭಾಗಿಸಿದರೆ ಉತ್ತರ ದೊರೆಯುವುದೆಂದು ಮೇಲುನೋಟಕ್ಕೆ ತೋರುತ್ತದೆ. ಆದರೆ ನೆರೆಯ ಏರಿಕೆಯು ನೀರಿಗಿಂತ ಮುಂಚೆಯೇ ಬಂದು ಮುಟ್ಟುತ್ತದೆ.

ತೆರೆದ ಕಾಲುವೆಯ ಬದಲಾಗುವ ಹರಿವನ್ನು ಆಂಶಿಕ ಅವಕಲ ಸಮೀಕರಣಗಳಲ್ಲಿ ನಿರೂಪಿಸಿದವನು ಫ್ರಾನ್ಸಿನ ಸಾಂ-ವೆನಾಂ, ವರ್ಷ ೧೮೭೧. ಅವನ ಸಮೀಕರಣಗಳು ಎರಡು. ಮೊದಲನೆಯದು ನೀರಿನ ಜಮಾ-ಖರ್ಚು: ಒಂದು ಭಾಗಕ್ಕೆ ಬಂದ ನೀರಿನಲ್ಲಿ ಹೊರಹೋಗದೆ ಉಳಿದದ್ದು ಅಲ್ಲಿಯ ಮಟ್ಟವನ್ನು ಏರಿಸುತ್ತದೆ. ಎರಡನೆಯದು ಬಲಗಳ ಲೆಕ್ಕ. ಇವೆರಡಕ್ಕೂ ಒಟ್ಟಾಗಿ ಅನ್ವಯಿಸುವ ಸಾಮಾನ್ಯ ಸೂತ್ರರೂಪದ ಪರಿಹಾರವಿಲ್ಲ. ಆದರೆ ಇಳಿಜಾರಿನ ಸೆಳೆತವೂ ತಳದ ಘರ್ಷಣೆಯೂ ಸಮತೂಗಿವೆಯೆಂದು ಭಾವಿಸಿದರೆ ಹರಿವು ಆಳವನ್ನು ಮಾತ್ರ ಅವಲಂಬಿಸುತ್ತದೆ. ಆಗ ಮೊದಲನೆಯ ಸಮೀಕರಣವೊಂದೇ ಸಾಕು. ೧೯೫೫ರಲ್ಲಿ ಲೈಟ್‌ಹಿಲ್ ಮತ್ತು ವಿಟ್‌ಹ್ಯಾಮ್ ಈ ಸಿದ್ಧಾಂತವನ್ನು ವಿಸ್ತರಿಸಿ ನದಿಯ ನೆರೆಗೂ ರಸ್ತೆಯ ವಾಹನಸಂದಣಿಗೂ ಅನ್ವಯಿಸಿದರು.

ಪರಿಹಾರದ ಸಾರವಿಷ್ಟು: ಪ್ರತಿಯೊಂದು ಆಳವೂ ತನಗೆ ನಿಯತವಾದ ವೇಗದಲ್ಲಿ ಕೆಳಕ್ಕೆ ಸಾಗುತ್ತದೆ. ಆಳ ಹೆಚ್ಚಿದಾಗ ನೀರಿನ ಪ್ರಮಾಣ ಮಾತ್ರವಲ್ಲದೆ ಅದರ ಓಟವೂ ಹೆಚ್ಚುವುದರಿಂದ, ಈ ವೇಗ ನೀರಿನ ಸರಾಸರಿ ವೇಗಕ್ಕಿಂತ ಅಧಿಕ. ಮ್ಯಾನಿಂಗನ ಸೂತ್ರದಂತೆ ಅಗಲವಾದ ಪಾತ್ರದಲ್ಲಿ ಅದು ಐದು-ಮೂರರಷ್ಟು, ಎಂದರೆ ಸುಮಾರು ೧.೬೭ ಪಟ್ಟು. ಉದಾಹರಣೆಗೆ, ನೀರು ಗಂಟೆಗೆ ೫.೪ ಕಿಲೋಮೀಟರ್ ಹರಿಯುತ್ತಿದ್ದರೆ ೧೮ ಕಿಲೋಮೀಟರ್ ಸಾಗಲು ೩ ಗಂಟೆ ೨೦ ನಿಮಿಷ ಬೇಕು. ಗಂಟೆಗೆ ೯ ಕಿಲೋಮೀಟರ್ ಸಾಗುವ ಏರಿಕೆಗೆ ೨ ಗಂಟೆ ಸಾಕು. ನೀರಿನ ವೇಗವನ್ನೇ ನಂಬಿ ದನಕರುಗಳನ್ನು ದಂಡೆಯಲ್ಲಿ ಬಿಟ್ಟವನಿಗೆ ೮೦ ನಿಮಿಷಗಳ ಅವಧಿ ಕಡಿಮೆಯಾಗುತ್ತದೆ. ಅರಕಲಗೂಡು ತಾಲ್ಲೂಕಿನ ರಾಮನಾಥಪುರದಲ್ಲಿ ಹರಿಯುವ ಕಾವೇರಿಗೂ ಈ ನ್ಯಾಯ ಸಲ್ಲುತ್ತದೆ.

ಈ ಪರಿಹಾರಕ್ಕೆ ಮಿತಿಗಳೂ ಉಂಟು. ಇದರ ಪ್ರಕಾರ ನೆರೆಯ ಶಿಖರ ತಗ್ಗುವುದೇ ಇಲ್ಲ. ನಿಜವಾದ ಹೊಳೆಯಲ್ಲಿ ಅದು ಹರಡಿಕೊಂಡು ತಗ್ಗುತ್ತದೆ. ಕೃಷ್ಣರಾಜಸಾಗರದ ಹಿನ್ನೀರಿನಲ್ಲಿ ಕೆಳಗಿನ ಮಟ್ಟವು ಮೇಲಿನ ಹರಿವನ್ನು ತಡೆಯುವುದರಿಂದ ಮೂಲಭಾವನೆಯೇ ನಿಲ್ಲದು. ಚನ್ನರಾಯಪಟ್ಟಣದ ಕಡೆಯ ಹೇಮಾವತಿ ನಾಲೆಯಂತೆ ಸಮರೂಪವಾಗಿ ತೋಡಿದ ಪಾತ್ರ ಲೆಕ್ಕಕ್ಕೆ ಅನುಕೂಲವೇ. ಆದರೂ ತೂಬುಗಳು ನೀರನ್ನು ತಡೆದು ನಿಲ್ಲಿಸುವೆಡೆ ಅಲ್ಲಿಯೂ ಪೂರ್ಣ ಸಮೀಕರಣಗಳೇ ಬೇಕು.

ಅಂಥ ಕಡೆ ಇಂದು ಗಣಕಯಂತ್ರವು ಅಂಕಿಗಳಲ್ಲಿ ಪರಿಹಾರ ನೀಡುತ್ತದೆ. ಆ ಅಂಕಿಗಳನ್ನು ಸರಳ ಸಂದರ್ಭದಲ್ಲಿ ಒರೆಹಚ್ಚಿ ನೋಡಲು ಸೂತ್ರರೂಪದ ಪರಿಹಾರವೇ ಒರೆಗಲ್ಲು. ಮೇಲಾಗಿ, ಎಚ್ಚರಿಕೆಯ ಗಂಟೆಯನ್ನು ನೀರಿನ ವೇಗಕ್ಕಲ್ಲ, ಅಲೆಯ ವೇಗಕ್ಕೆ ಹೊಂದಿಸಬೇಕೆಂಬ ಕಾರಣವನ್ನು ಅದು ಅಂಕಿಗಳ ರಾಶಿಗಿಂತ ಸ್ಪಷ್ಟವಾಗಿ ತಿಳಿಸಿಕೊಡುತ್ತದೆ.