ಅಂಕಿಗಳು ಹೇಳುವ ಕಥೆ

ಗೆದ್ದವರನ್ನು ಕಾರಣ ಕೇಳುವವರು ವಿರಳ. ಸೋತಾಗಲಾದರೋ ತಪ್ಪು ಯಾರದೆಂದು ಎಲ್ಲರೂ ಹುಡುಕತೊಡಗುತ್ತಾರೆ. ಈ ಹುಡುಕಾಟದಲ್ಲಿ ಕೋಪಕ್ಕಿಂತ ಅಂಕಿ-ಅಂಶಗಳು ಹೆಚ್ಚು ನಂಬಿಕೆಗೆ ಅರ್ಹವಾದವು. ಆದರೆ ಅವನ್ನು ಓದುವ ಕ್ರಮವನ್ನು ಅರಿತಿರಬೇಕು. ಇಂಗ್ಲೆಂಡಿನ ಲೆಸ್ಟರ್ ಸಿಟಿ ಎಂಬ ಕಾಲ್ಚೆಂಡಿನ ತಂಡದ ಕಥೆ ಇದಕ್ಕೊಂದು ನಿದರ್ಶನ.

ಇಂಗ್ಲೆಂಡಿನ ಪ್ರೀಮಿಯರ್ ಲೀಗಿನಲ್ಲಿ 20 ತಂಡಗಳುಂಟು. ಪ್ರತಿಯೊಂದು ತಂಡವೂ ವರ್ಷಕ್ಕೆ 38 ಪಂದ್ಯಗಳನ್ನಾಡುತ್ತದೆ. ಗೆದ್ದರೆ 3 ಅಂಕ, ಸಮನಾದರೆ 1 ಅಂಕ. ಕೊನೆಯ ಮೂರು ತಂಡಗಳು ಕೆಳಗಿನ ದರ್ಜೆಗೆ ಇಳಿಯುತ್ತವೆ. 2015-16ರಲ್ಲಿ ಲೆಸ್ಟರ್ 23 ಪಂದ್ಯಗಳನ್ನು ಗೆದ್ದು, ಕೇವಲ 3ರಲ್ಲಿ ಸೋತು, 81 ಅಂಕಗಳೊಡನೆ ತನ್ನ ಇತಿಹಾಸದಲ್ಲಿ ಮೊದಲ ಬಾರಿಗೆ ಅಗ್ರಸ್ಥಾನವನ್ನು ಪಡೆಯಿತು. ಮರುವರ್ಷ ಗೆದ್ದದ್ದು 12, ಸೋತದ್ದು 18. ದೊರೆತದ್ದು 44 ಅಂಕ, 12ನೆಯ ಸ್ಥಾನ. ಜಯವನ್ನು ತಂದುಕೊಟ್ಟ ತರಬೇತುದಾರ ಕ್ಲಾಡಿಯೊ ರನಿಯೇರಿ ಒಂಬತ್ತೇ ತಿಂಗಳಲ್ಲಿ, 2017ರ ಫೆಬ್ರವರಿಯಲ್ಲಿ, ಕೆಲಸವನ್ನು ಕಳೆದುಕೊಂಡರು.

ಈ ಕುಸಿತಕ್ಕೆ ಕಾರಣವೇನು? ಮೊದಲು ಗೋಲುಗಳನ್ನು ಎಣಿಸೋಣ. ತಂಡ ಹೊಡೆದ ಗೋಲುಗಳು 68ರಿಂದ 48ಕ್ಕೆ ಇಳಿದವು. ಎಲ್ಲರ ಆಟವೂ ಕೆಟ್ಟಿತೆಂದು ಇದರಿಂದ ತೋರಬಹುದು. ಬಿಡಿಸಿ ನೋಡಿದರೆ ನಿಜಸಂಗತಿ ಬೇರೆ. ಜೇಮಿ ವಾರ್ಡಿಯ ಗೋಲುಗಳು 24ರಿಂದ 13ಕ್ಕೂ, ರಿಯಾದ್ ಮಹ್ರೆಜ್‌ನವು 17ರಿಂದ 6ಕ್ಕೂ ಇಳಿದಿದ್ದವು. ಇವರಿಬ್ಬರನ್ನು ಬಿಟ್ಟರೆ ಉಳಿದ ಗೋಲುಗಳು 27ರಿಂದ 29ಕ್ಕೆ ಏರಿದ್ದವು! ಮೊತ್ತವು ಮರೆಮಾಡಿದ್ದನ್ನು ವಿವರವು ತೋರಿಸಿತು.

ಎದುರಾಳಿಗಳಿಗೆ ಬಿಟ್ಟುಕೊಟ್ಟ ಗೋಲುಗಳಾದರೋ 36ರಿಂದ 63ಕ್ಕೆ ಏರಿದವು. ಎದುರಾಳಿಗಳ ಕಾಲಿನಿಂದ ಚೆಂಡನ್ನು ಕಸಿದುಕೊಳ್ಳುವುದರಲ್ಲಿ ನಿಪುಣನಾಗಿದ್ದ ಎನ್ಗೊಲೊ ಕಾಂಟೆ 2016ರ ಬೇಸಿಗೆಯಲ್ಲಿ ಚೆಲ್ಸಿ ತಂಡವನ್ನು ಸೇರಿದ್ದನು. ಹಿಂದಿನ ವರ್ಷ 10ನೆಯ ಸ್ಥಾನದಲ್ಲಿದ್ದ ಚೆಲ್ಸಿ ಆ ವರ್ಷ ಅಗ್ರಸ್ಥಾನಕ್ಕೇರಿತು. ಹಾಗೆಂದು ಎಲ್ಲವೂ ಅವನೊಬ್ಬನಿಂದಲೇ ಆಯಿತೆನ್ನಲಾಗದು. ಚೆಲ್ಸಿಗೆ ಹೊಸ ತರಬೇತುದಾರನೂ ಬಂದಿದ್ದನು. ಎರಡು ಸಂಗತಿಗಳು ಒಟ್ಟಿಗೆ ನಡೆದ ಮಾತ್ರಕ್ಕೆ ಒಂದು ಇನ್ನೊಂದಕ್ಕೆ ಕಾರಣವಾಗಬೇಕಿಲ್ಲ.

ರನಿಯೇರಿಯವರ ವಿಷಯದಲ್ಲಿಯೂ ಇದೇ ಎಚ್ಚರಿಕೆ ಬೇಕು. ಅವರಿದ್ದಾಗ 25 ಪಂದ್ಯಗಳಲ್ಲಿ 5 ಗೆಲುವು, ಅವರು ಹೋದ ಮೇಲೆ 13ರಲ್ಲಿ 7 ಗೆಲುವು ದೊರೆತವು. ತಪ್ಪೆಲ್ಲ ಅವರದೇ ಎಂದು ಈ ಅಂಕಿಗಳು ಹೇಳುವಂತಿದೆ. ಆದರೆ ಹಿಂದಿನ ವರ್ಷ ತಂಡವನ್ನು ಗೆಲ್ಲಿಸಿದವರೂ ಅವರೇ ಅಲ್ಲವೆ? ಅಲ್ಲದೆ ಆ ವರ್ಷ ತಂಡವು ಯೂರೋಪಿನ ಚಾಂಪಿಯನ್ಸ್ ಲೀಗಿನಲ್ಲಿ ಇನ್ನೂ 10 ಪಂದ್ಯಗಳನ್ನು ಆಡಬೇಕಾಯಿತು. ಆ ದಣಿವು ಪ್ರೀಮಿಯರ್ ಲೀಗಿನ ಪಟ್ಟಿಯಲ್ಲಿ ಕಾಣುವುದಿಲ್ಲ.

ಇನ್ನೂ ಒಂದು ವರ್ಷ ಹಿಂದಕ್ಕೆ ಹೋದರೆ ನೋಟವೇ ಬದಲಾಗುತ್ತದೆ. 2014-15ರಲ್ಲಿ ಲೆಸ್ಟರ್ ಗಳಿಸಿದ್ದು 41 ಅಂಕ, 14ನೆಯ ಸ್ಥಾನ. 41, 81, 44 - ಈ ಮೂರನ್ನೂ ಒಂದೇ ಸಾಲಿನಲ್ಲಿಟ್ಟು ನೋಡಿದಾಗ ವಿವರಣೆ ಬೇಕಾದದ್ದು ಕೊನೆಯ 44ಕ್ಕಿಂತಲೂ ನಡುವಿನ 81ಕ್ಕೆ ಎಂಬುದು ಸ್ಪಷ್ಟವಾಗುತ್ತದೆ. ಅಪೂರ್ವವಾದ ಒಂದು ವರ್ಷವನ್ನು ಅಳತೆಗೋಲಾಗಿ ಇಟ್ಟುಕೊಂಡರೆ ಮುಂದಿನ ಪ್ರತಿ ವರ್ಷವೂ ಸೋಲಿನಂತೆಯೇ ಕಾಣುವುದು.

ಎಲ್ಲಿ ನೋಡಬೇಕೆಂಬುದನ್ನು ಅಂಕಿಗಳು ಬೆರಳಿಟ್ಟು ತೋರಿಸುತ್ತವೆ. ತೀರ್ಪನ್ನು ಕೊಡುವುದು ಓದುವವನ ವಿವೇಕ. ಒಬ್ಬನ ಮೇಲೆ ತಪ್ಪು ಹೊರಿಸುವ ಮುನ್ನ ಪೂರ್ಣ ಲೆಕ್ಕವನ್ನು ಓದುವುದು ನ್ಯಾಯ.