ಒಂದು ಆಲ್ಬಮ್, ಎರಡು ತಲೆಮಾರು: 'ಸಾರ್ಜೆಂಟ್ ಪೆಪ್ಪರ್' ಕುರಿತ ಅಭಿಪ್ರಾಯಭೇದದ ವಿವೇಚನೆ

೧

ಹಿರಿಯರು ಮಹಾಕೃತಿಯೆಂದು ಕೊಂಡಾಡಿದುದನ್ನು ಕಿರಿಯರು ಗೌರವದಿಂದಲೇ ಬದಿಗಿರಿಸುವುದು ಕಲೆಯ ಚರಿತ್ರೆಯಲ್ಲಿ ಹೊಸತಲ್ಲ. ಇಂಥ ಸಂದರ್ಭದಲ್ಲಿ 'ಅಭಿರುಚಿ ಬದಲಾಯಿತು' ಎಂದು ಹೇಳಿ ನಾವು ಸಮಾಧಾನಪಡುವುದುಂಟು. ಆದರೆ ಈ ಮಾತು ಸಂಗತಿಯನ್ನು ಹೆಸರಿಸುತ್ತದೆಯೇ ಹೊರತು ವಿವರಿಸುವುದಿಲ್ಲ. ಅಭಿರುಚಿ ಏಕೆ ಬದಲಾಯಿತು, ಬದಲಾದುದು ಅಭಿರುಚಿಯೊಂದೇ ಏನು, ಎಂಬ ಪ್ರಶ್ನೆಗಳು ಹಾಗೆಯೇ ಉಳಿಯುತ್ತವೆ. ಇವುಗಳ ಪರಿಶೀಲನೆಗೆ ಇಂಗ್ಲೆಂಡಿನ ಬೀಟಲ್ಸ್ ವೃಂದದ ಒಂದು ಆಲ್ಬಮ್ ಒಳ್ಳೆಯ ನಿದರ್ಶನ.

'ಸಾರ್ಜೆಂಟ್ ಪೆಪ್ಪರ್ಸ್ ಲೋನ್ಲಿ ಹಾರ್ಟ್ಸ್ ಕ್ಲಬ್ ಬ್ಯಾಂಡ್' ಬ್ರಿಟನ್ನಿನಲ್ಲಿ ೧೯೬೭ರ ಮೇ ೨೬ರಂದು ಹೊರಬಂದಿತು. ವರ್ಷದ ಶ್ರೇಷ್ಠ ಆಲ್ಬಮಿಗೆ ಸಲ್ಲುವ ಗ್ರ್ಯಾಮಿ ಪ್ರಶಸ್ತಿಯನ್ನು ಪಡೆದ ಮೊದಲ ರಾಕ್ ಆಲ್ಬಮ್ ಇದೇ. ಅಮೆರಿಕದ 'ರೋಲಿಂಗ್ ಸ್ಟೋನ್' ಪತ್ರಿಕೆ ಸಂಗೀತಗಾರರ ಮತ್ತು ವಿಮರ್ಶಕರ ಮತಗಳನ್ನು ಪಡೆದು ೨೦೦೩ರಲ್ಲಿ ೫೦೦ ಶ್ರೇಷ್ಠ ಆಲ್ಬಮುಗಳ ಪಟ್ಟಿಯನ್ನು ಪ್ರಕಟಿಸಿದಾಗ ಇದಕ್ಕೆ ಪ್ರಥಮ ಸ್ಥಾನ ದೊರೆಯಿತು. ೨೦೨೦ರಲ್ಲಿ ಅದೇ ಪತ್ರಿಕೆ ಹೊಸಬರನ್ನೂ ಸೇರಿಸಿಕೊಂಡು ಹೊಸದಾಗಿ ಮತ ಸಂಗ್ರಹಿಸಿತು. ಆಗ ಈ ಆಲ್ಬಮ್ ೨೪ನೆಯ ಸ್ಥಾನಕ್ಕೆ ಇಳಿಯಿತು.

ಸ್ಪರ್ಧೆ ಹೆಚ್ಚಿದುದರಿಂದ ಹೀಗಾಯಿತೆಂದು ಹೇಳಬಹುದು. ಬೇರೆ ಬೇರೆ ಪ್ರಕಾರಗಳ ಸಂಗೀತಕ್ಕೆ ೨೦೨೦ರ ಪಟ್ಟಿಯಲ್ಲಿ ಹೆಚ್ಚಿನ ಮನ್ನಣೆ ದೊರೆತುದು ನಿಜ. ಆದರೆ ಅದೇ ವೃಂದದ 'ಆ್ಯಬಿ ರೋಡ್' (೧೯೬೯) ೧೪ರಿಂದ ೫ಕ್ಕೆ ಏರಿತು. ೩ರಿಂದ ೧೧ಕ್ಕೆ ಇಳಿದರೂ 'ರಿವಾಲ್ವರ್' (೧೯೬೬) ಸಾರ್ಜೆಂಟ್ ಪೆಪ್ಪರಿಗಿಂತ ಮುಂದೆ ನಿಂತಿತು. ಬೀಟಲ್ಸರ ಕೃತಿಗಳೊಳಗಿನ ತಾರತಮ್ಯವೇ ತಲೆಕೆಳಗಾದುದನ್ನು ಹೊರಗಿನ ಸ್ಪರ್ಧೆಯಿಂದ ವಿವರಿಸಲಾಗದು.

೨

ಮೊದಲು ತೋರುವ ಕಾರಣ ಯೌವನದ ನೆನಪು. ಮನುಷ್ಯನು ಹರೆಯದಲ್ಲಿ ಕೇಳಿದ ಸಂಗೀತವನ್ನು ಜೀವಮಾನವೆಲ್ಲ ಮೆಚ್ಚುತ್ತಾನೆಂಬುದು ಅನುಭವಸಿದ್ಧ. ಹಾಲ್‌ಬ್ರೂಕ್ ಮತ್ತು ಶಿಂಡ್ಲರ್ ಎಂಬ ಅಮೆರಿಕದ ವಿದ್ವಾಂಸರು ೧೯೮೯ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಶ್ರೋತೃಗಳಿಗೆ ಸುಮಾರು ೨೪ರ ವಯಸ್ಸಿನಲ್ಲಿ ಪ್ರಚಾರದಲ್ಲಿದ್ದ ಹಾಡುಗಳೇ ಅತ್ಯಂತ ಪ್ರಿಯವಾಗಿರುವುದು ಕಂಡುಬಂದಿತು. ಹಿರಿಯರ ಮೆಚ್ಚುಗೆಯ ಒಂದು ಪಾಲನ್ನು ಈ ಕಾರಣಕ್ಕೆ ಸಲ್ಲಿಸಬಹುದು.

ಆದರೆ ಇದು ಸಾಲದು. ೧೯೯೦ರ ಬಳಿಕ ಹುಟ್ಟಿದವನಿಗೆ ಸಾರ್ಜೆಂಟ್ ಪೆಪ್ಪರ್ ಎಷ್ಟು ಹಳೆಯದೋ ಆ್ಯಬಿ ರೋಡ್ ಕೂಡ ಹೆಚ್ಚುಕಡಿಮೆ ಅಷ್ಟೇ ಹಳೆಯದು. ಎರಡರಲ್ಲಿ ಯಾವುದೂ ಅವನ ಯೌವನದ ನೆನಪಲ್ಲ. ಹಾಗಿದ್ದೂ ಒಂದನ್ನು ಮೆಚ್ಚಿ ಇನ್ನೊಂದನ್ನು ಹಿಂದಿಡುತ್ತಾನೆಂದರೆ ಕಾರಣವನ್ನು ಬೇರೆಡೆ ಅರಸಬೇಕು. ಹಿರಿಯರದು ಬರಿಯ ಹಂಬಲ, ಕಿರಿಯರದು ಬರಿಯ ಅಜ್ಞಾನ ಎಂಬ ಎರಡು ಆರೋಪಗಳೂ ಇಲ್ಲಿ ನಿಲ್ಲುವುದಿಲ್ಲ.

೩

ಎರಡು ತಲೆಮಾರಿನವರು ಕೇಳಿದುದು ಒಂದೇ ವಸ್ತುವನ್ನೇ? ಇದು ವಿಚಿತ್ರವಾಗಿ ತೋರಿದರೂ ಕೇಳಲೇಬೇಕಾದ ಪ್ರಶ್ನೆ.

೧೯೬೭ರಲ್ಲಿ ಬ್ರಿಟನ್ನಿನ ಬಹುಮಂದಿಯ ಮನೆಯಲ್ಲಿದ್ದುದು ಒಂದೇ ಧ್ವನಿಮಾರ್ಗದ, ಅಂದರೆ ಮೋನೋ ಯಂತ್ರ. ಬೀಟಲ್ಸರು ತಾವೇ ಆಸಕ್ತಿ ವಹಿಸಿ ಹದಗೊಳಿಸಿದುದು ಮೋನೋ ಆವೃತ್ತಿಯನ್ನು; ಸ್ಟೀರಿಯೋ ಆವೃತ್ತಿಯನ್ನು ನಿರ್ಮಾಪಕ ಜಾರ್ಜ್ ಮಾರ್ಟಿನ್ ಮತ್ತು ಧ್ವನಿತಂತ್ರಜ್ಞರು ಕಡಮೆ ಅವಧಿಯಲ್ಲಿ ಸಿದ್ಧಪಡಿಸಿದರು. ಎರಡಕ್ಕೂ ಇರುವ ಭೇದ ಅಲ್ಪವಲ್ಲ. 'ಶೀ ಈಸ್ ಲೀವಿಂಗ್ ಹೋಮ್' ಎಂಬ ಹಾಡು ಮೋನೋದಲ್ಲಿ ಹೆಚ್ಚು ವೇಗವಾಗಿಯೂ ಏರಿದ ಶ್ರುತಿಯಲ್ಲಿಯೂ ಇದೆ. ೧೯೮೭ರಲ್ಲಿ ಈ ಆಲ್ಬಮ್ ಸಿ.ಡಿ. ರೂಪದಲ್ಲಿ ಬಂದಾಗ ಬಂದುದು ಸ್ಟೀರಿಯೋ ಆವೃತ್ತಿ ಮಾತ್ರ, ಮೋನೋ ಸಿ.ಡಿ. ಹೊರಬಂದುದು ೨೦೦೯ರಲ್ಲಿ. ನಡುವಿನ ಕಾಲದಲ್ಲಿ ಬೆಳೆದವರು, ತಂದೆತಾಯಿಗಳು ಕೇಳಿದ ನಾದವನ್ನೇ ಕೇಳಲಿಲ್ಲ.

ರಿವಾಲ್ವರಿನ ಸಂಗತಿ ಇನ್ನೂ ಸ್ಪಷ್ಟವಾದುದು. ಬ್ರಿಟನ್ನಿನಲ್ಲಿ ಅದರಲ್ಲಿ ೧೪ ಹಾಡುಗಳಿದ್ದವು. ಅಮೆರಿಕದಲ್ಲಿ ಮೂರು ಹಾಡುಗಳನ್ನು ಮೊದಲೇ ಬೇರೊಂದು ಆಲ್ಬಮಿಗೆ ಸೇರಿಸಿದ್ದುದರಿಂದ ೧೧ ಮಾತ್ರ ಉಳಿದವು. ಆ ಮೂರೂ ಜಾನ್ ಲೆನನ್ ಪ್ರಧಾನವಾಗಿ ಹಾಡಿದವು. ಅವನ ಪಾಲಿಗೆ ಉಳಿದುದು ಎರಡೇ. ೧೯೮೭ರ ಸಿ.ಡಿ.ಯಲ್ಲಿ ಬ್ರಿಟಿಷ್ ರೂಪವೇ ಎಲ್ಲೆಡೆಗೂ ಪ್ರಮಾಣವಾಯಿತು. ರಿವಾಲ್ವರನ್ನು ಕುರಿತು ಅಮೆರಿಕದ ತಂದೆಯೂ ಮಗನೂ ವಾದಿಸುವಾಗ ಒಬ್ಬನು ೧೧ ಹಾಡುಗಳ ಕೃತಿಯನ್ನು, ಇನ್ನೊಬ್ಬನು ೧೪ ಹಾಡುಗಳ ಕೃತಿಯನ್ನು ಮನಸ್ಸಿನಲ್ಲಿಟ್ಟುಕೊಂಡಿರಬಹುದು. ಗ್ರಂಥಸಂಪಾದನೆಯ ಪರಿಚಯವುಳ್ಳವರಿಗೆ ಇದು ಅಪರಿಚಿತವಲ್ಲ: ಪಾಠಾಂತರವನ್ನು ಗಮನಿಸದೆ ಅರ್ಥಾಂತರವನ್ನು ಚರ್ಚಿಸುವುದು ವ್ಯರ್ಥ.

೪

ಪಾಠ ಒಂದೇ ಆದರೂ ಕೇಳುವ ಮನಸ್ಸು ಒಂದೇ ಅಲ್ಲ. ಸಹೃದಯನ ಚಿತ್ತದಲ್ಲಿ ಮೊದಲೇ ನೆಲೆಸಿರುವ ವಾಸನೆ, ಸಂಸ್ಕಾರಗಳಿಲ್ಲದೆ ರಸಾನುಭವವಿಲ್ಲವೆಂದು ನಮ್ಮ ಆಲಂಕಾರಿಕರು ಹೇಳಿದ್ದಾರೆ. ಜರ್ಮನಿಯ ಹಾನ್ಸ್ ರಾಬರ್ಟ್ ಯೌಸ್ ೧೯೬೭ರ ಏಪ್ರಿಲಿನಲ್ಲಿ, ಎಂದರೆ ಈ ಆಲ್ಬಮ್ ಹೊರಬರುವ ಹಿಂದಿನ ತಿಂಗಳಲ್ಲಿ, ಕಾನ್‌ಸ್ಟಾನ್ಸ್ ವಿಶ್ವವಿದ್ಯಾನಿಲಯದಲ್ಲಿ ಮಾಡಿದ ಉಪನ್ಯಾಸದಲ್ಲಿ ಇದಕ್ಕೆ ಚಾರಿತ್ರಿಕವಾದ ಒಂದು ಆಯಾಮವನ್ನು ಕೊಟ್ಟನು. ಪ್ರತಿಯೊಂದು ಕೃತಿಯೂ ವಾಚಕರ ನಿರೀಕ್ಷೆಯ ದಿಗಂತವೊಂದರೊಳಗೆ ಪ್ರವೇಶಿಸುತ್ತದೆ. ಮಹತ್ತಾದ ಕೃತಿ ಆ ದಿಗಂತವನ್ನೇ ಸರಿಸುತ್ತದೆ. ಸರಿದ ಮೇಲೆ ಆ ಹೊಸತೇ ರೂಢಿಯಾಗುತ್ತದೆ, ಎಂಬುದು ಅವನ ವಾದದ ತಿರುಳು.

ಸಾರ್ಜೆಂಟ್ ಪೆಪ್ಪರಿಗೆ ಇದು ಅಕ್ಷರಶಃ ಅನ್ವಯಿಸುತ್ತದೆ. ಬೀಟಲ್ಸರು ತಮ್ಮ ಮೊದಲ ಆಲ್ಬಮಿನ ೧೪ ಹಾಡುಗಳಲ್ಲಿ ೧೦ನ್ನು ೧೯೬೩ರ ಫೆಬ್ರವರಿಯ ಒಂದೇ ದಿನದಲ್ಲಿ ಮುದ್ರಿಸಿದ್ದರು. ೧೯೬೬ರ ಆಗಸ್ಟಿನಲ್ಲಿ ಕಛೇರಿಯ ಪ್ರವಾಸಗಳನ್ನು ನಿಲ್ಲಿಸಿದ ಮೇಲೆ ಅವರು ನವೆಂಬರಿನಿಂದ ಮುಂದಿನ ಏಪ್ರಿಲಿನವರೆಗೆ ನಾಲ್ಕೇ ಪಥಗಳ ಧ್ವನಿಮುದ್ರಣಯಂತ್ರಗಳಿಂದ ಈ ಕೃತಿಯನ್ನು ಕಟ್ಟಿದರು. ಕೊನೆಯ ಹಾಡಿಗೆ ೪೦ ಮಂದಿಯ ವಾದ್ಯವೃಂದ ಸೇರಿತು. ಇನ್ನೊಂದಕ್ಕೆ ದಿಲ್‌ರುಬಾ, ತಬಲ, ತಂಬೂರಗಳು ಸೇರಿದವು. ಹೊದಿಕೆಯ ಹಿಂಬದಿಯಲ್ಲಿ ಹಾಡುಗಳ ಸಾಹಿತ್ಯ ಅಚ್ಚಾಯಿತು. ಮುಂಬದಿಯ ಚಿತ್ರದಲ್ಲಿ ಪ್ರಸಿದ್ಧ ವ್ಯಕ್ತಿಗಳ ಗುಂಪೇ ನೆರೆಯಿತು. ಅದರಲ್ಲಿದ್ದ ಗಾಂಧೀಜಿಯವರ ಚಿತ್ರವನ್ನು, ಭಾರತೀಯರಿಗೆ ನೋವಾದೀತೆಂಬ ಶಂಕೆಯಿಂದ ಕಂಪನಿಯ ಅಧ್ಯಕ್ಷನು ತೆಗೆಸಿದನು. ಆಲ್ಬಮ್ ಎಂಬುದು ಬಿಡಿಹಾಡುಗಳ ಕಟ್ಟಲ್ಲ, ಇಡಿಯಾದ ಒಂದು ಕೃತಿ ಎಂದು ಲಕ್ಷಾಂತರ ಜನ ಅಂದು ಒಮ್ಮೆಗೇ ಮನಗಂಡರು.

ಇಂದಿನ ತರುಣನು ಇದನ್ನೆಲ್ಲ ಸಹಜವೆಂದು ಭಾವಿಸಿಯೇ ಬೆಳೆದಿದ್ದಾನೆ. ಅವನಿಗೆ ಬೀಟಲ್ಸರ ಕೃತಿಗಳೆಲ್ಲ ಏಕಕಾಲದಲ್ಲಿ ಲಭ್ಯ. ಯಾವುದು ಯಾವುದನ್ನು ಸಾಧ್ಯವಾಗಿಸಿತೆಂಬ ಕ್ರಮ ಕಿವಿಗೆ ಕೇಳಿಸುವುದಿಲ್ಲ. ಬಾಗಿಲನ್ನು ತೆರೆದ ಕೈಯನ್ನು ಹಿರಿಯನು ನೆನೆಯುತ್ತಾನೆ. ಕಿರಿಯನು ತೆರೆದ ಮನೆಯಲ್ಲಿಯೇ ಹುಟ್ಟಿದವನು. ಕೃತಿಯ ಗೆಲವೇ ಅದರ ಹೊಸತನವನ್ನು ಮರೆಸಿದೆ.

೫

ಈ ಊಹೆಯನ್ನು ಪರೀಕ್ಷಿಸಲು ಒಂದು ಸಾಧನವಿದೆ. ಅದೇ ಪತ್ರಿಕೆ ಬಿಡಿಹಾಡುಗಳ ಪಟ್ಟಿಯನ್ನೂ ೨೦೦೪ರಲ್ಲಿ ಮತ್ತು ೨೦೨೧ರಲ್ಲಿ ಪ್ರಕಟಿಸಿತು. ಸಾರ್ಜೆಂಟ್ ಪೆಪ್ಪರಿನ ಕೊನೆಯ ಹಾಡಾದ 'ಎ ಡೇ ಇನ್ ದ ಲೈಫ್' ಮೊದಲನೆಯದರಲ್ಲಿ ೨೬ನೆಯದಾಗಿದ್ದು ಎರಡನೆಯದರಲ್ಲಿ ೨೪ನೆಯದಾಯಿತು. ಆಲ್ಬಮ್ ಇಳಿದರೂ ಅದರ ಶಿಖರಪ್ರಾಯವಾದ ಹಾಡು ಕದಲಲಿಲ್ಲ. ಅದೇ ಮುದ್ರಣಾವಧಿಯಲ್ಲಿ ಮೊದಲು ಸಿದ್ಧವಾಗಿ, ಫೆಬ್ರವರಿಯಲ್ಲೇ ಬಿಡಿ ತಟ್ಟೆಯಾಗಿ ಹೊರಬಂದು, ಆ ಕಾರಣದಿಂದ ಆಲ್ಬಮಿನ ಹೊರಗುಳಿದ 'ಸ್ಟ್ರಾಬೆರಿ ಫೀಲ್ಡ್ಸ್ ಫಾರ್‌ಎವರ್' ೭೬ರಿಂದ ೭ಕ್ಕೆ ಏರಿತು.

ಹೊಸ ತಲೆಮಾರು ೧೯೬೭ರ ಬೀಟಲ್ಸರನ್ನು ತಿರಸ್ಕರಿಸಿಲ್ಲವೆಂದು ಇದರಿಂದ ತಿಳಿಯುತ್ತದೆ. ಬದಲಾದುದು ಮೌಲ್ಯಮಾಪನದ ಘಟಕ. ತಟ್ಟೆಯನ್ನಿಟ್ಟು, ಒಂದು ಬದಿ ಮುಗಿದ ಮೇಲೆ ಮಗುಚಿ, ಹೊದಿಕೆಯನ್ನು ಕೈಯಲ್ಲಿ ಹಿಡಿದು ಕೇಳಿದವನಿಗೆ ಇಡಿಯ ಬಂಧವೇ ಘಟಕ. ಬಿಡಿಹಾಡುಗಳನ್ನು ಆಯ್ದು ಕೇಳುವವನಿಗೆ ಹಾಡೇ ಘಟಕ. ಸ್ಪಾಟಿಫೈ ಸೇವೆಯಲ್ಲಿ ಬೀಟಲ್ಸರ ಹಾಡುಗಳ ಪೈಕಿ ನೂರು ಕೋಟಿ ಶ್ರವಣಗಳನ್ನು ೨೦೨೩ರಲ್ಲಿ ಮೊದಲು ದಾಟಿದ್ದು ಆ್ಯಬಿ ರೋಡಿನ 'ಹಿಯರ್ ಕಮ್ಸ್ ದ ಸನ್'. ಬಂಧದಿಂದ ಬೇರ್ಪಡಿಸಿದರೂ ನಿಲ್ಲುವ ಹಾಡು ಅದು. ಸಾರ್ಜೆಂಟ್ ಪೆಪ್ಪರಿನ ಹಲವು ಹಾಡುಗಳ ಶಕ್ತಿಯಾದರೋ ಅವು ನಿಂತ ಸ್ಥಾನದಲ್ಲಿದೆ.

೬

ತಲೆಮಾರನ್ನು ಒಂದೇ ಅಚ್ಚಿನ ಜನಸಮೂಹವೆಂದು ತಿಳಿಯುವುದು ಮಾತ್ರ ತಪ್ಪು. ೧೯೬೭ರ ಜೂನಿನಲ್ಲಿಯೇ 'ನ್ಯೂಯಾರ್ಕ್ ಟೈಮ್ಸ್' ಪತ್ರಿಕೆಯಲ್ಲಿ ಈ ಆಲ್ಬಮನ್ನು ಕಟುವಾಗಿ ವಿಮರ್ಶಿಸಿದ ರಿಚರ್ಡ್ ಗೋಲ್ಡ್‌ಸ್ಟೀನ್, ನಾಲ್ವರು ಬೀಟಲ್ಸರಿಗಿಂತಲೂ ಕಿರಿಯನಾದ ತರುಣ. ಚಮತ್ಕಾರ ಹೆಚ್ಚಾಗಿ ಜೀವ ಕುಗ್ಗಿತೆಂಬ ಇಂದಿನ ಆಕ್ಷೇಪದ ಬೀಜ ಅಲ್ಲಿಯೇ ಇತ್ತು. ಕಾಲವು ಆ ತೀರ್ಪನ್ನು ಹುಟ್ಟಿಸಲಿಲ್ಲ. ಅದಕ್ಕೆ ಬೆಂಬಲಿಗರನ್ನು ಒದಗಿಸಿತು.

ಹಾಗಾದರೆ ಎಲ್ಲ ತೀರ್ಪುಗಳೂ ಸಮಾನವೆನ್ನಬೇಕೆ? ಬೇಕಿಲ್ಲ. 'ಈ ಕೃತಿ ಏನನ್ನು ಸಾಧ್ಯವಾಗಿಸಿತು?' ಎಂಬುದು ಹಿರಿಯರ ಪ್ರಶ್ನೆ. 'ಇದು ಈಗ ನನಗೆ ಏನನ್ನು ಕೊಡುತ್ತದೆ?' ಎಂಬುದು ಕಿರಿಯರ ಪ್ರಶ್ನೆ. ಮೊದಲನೆಯದನ್ನು ಚರಿತ್ರೆಯ ಆಧಾರಗಳಿಂದ, ಎರಡನೆಯದನ್ನು ಎಚ್ಚರದ ಶ್ರವಣದಿಂದ ಪರಿಶೀಲಿಸಬಹುದು. ಒಂದರ ಉತ್ತರವನ್ನು ಇನ್ನೊಂದಕ್ಕೆ ಉತ್ತರವೆಂದು ಒಡ್ಡಿದಾಗಲೇ ಜಗಳ ಹುಟ್ಟುತ್ತದೆ.

ಅಭಿಜಾತ ಕೃತಿಗಳನ್ನು ಬೋಧಿಸುವ ಅಧ್ಯಾಪಕರಿಗೆ ಈ ವಿವೇಕ ನಿತ್ಯವೂ ಬೇಕಾದುದು. ವಿದ್ಯಾರ್ಥಿಯ ಉದಾಸೀನವನ್ನು ನಾವು ಅನೇಕ ವೇಳೆ ಅರಸಿಕತೆಯೆಂದು ಎಣಿಸುತ್ತೇವೆ. ಕೃತಿ ಹುಟ್ಟಿದ ದಿಗಂತವನ್ನು ಅವನಿಗೆ ಕಟ್ಟಿಕೊಡುವುದು ನಮ್ಮ ಹೊಣೆ. ಕಟ್ಟಿಕೊಟ್ಟ ಮೇಲೆಯೂ ಅವನು ಒಪ್ಪದಿದ್ದರೆ ಆ ಅಸಮ್ಮತಿಯನ್ನು ಕೃತಿಯ ಬಗೆಗಿನ ಒಂದು ಸಾಕ್ಷ್ಯವೆಂದೇ ನಾವು ಸ್ವೀಕರಿಸಬೇಕು.